‘ಆಂತರಿಕ ವಿಚಾರ’ ಎಂಬ ಚೀನಾದ ಗುರಾಣಿ

2022ರ ಅಕ್ಟೋಬರ್ 6ರಂದು ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಒಂದು ಸಣ್ಣ ಪ್ರಶ್ನೆಗೆ ಮತ ಹಾಕಿತು. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ಪರಿಸ್ಥಿತಿ ಕುರಿತು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೇ ಒಂದು ವರದಿ ಸಿದ್ಧಪಡಿಸಿತ್ತು. ಆ ವರದಿಯ ಮೇಲೆ ಚರ್ಚೆ ನಡೆಸಬೇಕೇ, ಬೇಡವೇ? ಪ್ರಶ್ನೆ ಇಷ್ಟೇ. ಖಂಡನಾ ನಿರ್ಣಯ ಇರಲಿಲ್ಲ, ದಿಗ್ಬಂಧನದ ಮಾತೂ ಇರಲಿಲ್ಲ. 47 ಸದಸ್ಯರ ಮಂಡಳಿಯಲ್ಲಿ ಚರ್ಚೆ ಬೇಕು ಎಂದವರು 17, ಬೇಡ ಎಂದವರು 19, ದೂರ ಉಳಿದವರು 11. ಚರ್ಚೆ ನಡೆಯಲಿಲ್ಲ.

ಬೇಡ ಎಂದವರ ಪಟ್ಟಿ ನೋಡಿದರೆ ಅಚ್ಚರಿಯಾಗುತ್ತದೆ. ಪಾಕಿಸ್ತಾನ, ಇಂಡೊನೇಷ್ಯಾ, ಕತಾರ್, ಸಂಯುಕ್ತ ಅರಬ್ ಎಮಿರೇಟ್ಸ್, ಉಜ್ಬೇಕಿಸ್ತಾನ, ಕಜಕಸ್ತಾನ, ಸೆನೆಗಲ್... ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಈ ದೇಶಗಳು, ಚೀನಾದ ಮುಸ್ಲಿಂ ಅಲ್ಪಸಂಖ್ಯಾತರ ಬಗ್ಗೆ ಮಾತಾಡುವುದೇ ಬೇಡ ಎಂದವು. ದೂರ ಉಳಿದ 11ರಲ್ಲಿ ನಮ್ಮ ಭಾರತವೂ ಇತ್ತು.

ಒಂದು ದೇಶ ತನ್ನ ಪ್ರಜೆಗಳನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಜಗತ್ತು ಮಾತೂ ಆಡದಂತೆ ನೋಡಿಕೊಳ್ಳಲು ಅದಕ್ಕೆ ಎಷ್ಟು ಶಕ್ತಿ ಬೇಕು? ಆ ಶಕ್ತಿ ಚೀನಾಕ್ಕೆ ಎಲ್ಲಿಂದ ಬಂತು? ಅದರ ಪರಿಣಾಮ ನಮ್ಮ ಮೇಲೆ ಏನು? ಮುಂದಿನ ನಾಲ್ಕೈದು ದಶಕಗಳನ್ನು ಚೀನಾದ ಪಕ್ಕದಲ್ಲೇ ಬದುಕಬೇಕಾದ ನಮ್ಮ ತಲೆಮಾರು ಕೇಳಿಕೊಳ್ಳಲೇಬೇಕಾದ ಪ್ರಶ್ನೆಗಳಿವು.

ಹಸಿವು ನೀಗಿಸಿದ್ದು ಸುಳ್ಳಲ್ಲ

ಮೊದಲು ಚೀನಾದ ವಾದವನ್ನು ಪ್ರಾಮಾಣಿಕವಾಗಿ ಕೇಳೋಣ. 1989ರ ಜೂನ್ 4ರಂದು ತಿಯಾನನ್ಮೆನ್ ಚೌಕದ ಸುತ್ತ ವಿದ್ಯಾರ್ಥಿ ಚಳವಳಿಯ ಮೇಲೆ ಸೇನೆ ಗುಂಡು ಹಾರಿಸಿದಾಗ ಜಗತ್ತು ಚೀನಾವನ್ನು ಛೀಮಾರಿ ಹಾಕಿತು. ಎರಡು ವರ್ಷಗಳ ನಂತರ, 1991ರಲ್ಲಿ, ಚೀನಾ ಮಾನವ ಹಕ್ಕುಗಳ ಬಗ್ಗೆ ತನ್ನ ಮೊದಲ ಶ್ವೇತಪತ್ರ ಹೊರಡಿಸಿತು. ಬದುಕುವ ಹಕ್ಕು, ಅಂದರೆ ಅನ್ನ, ಬಟ್ಟೆ, ಸೂರಿನ ಹಕ್ಕು ಎಲ್ಲಕ್ಕಿಂತ ಮೊದಲು. ಉಳಿದವು ಆಮೇಲೆ ಎಂಬುದು ಅದರ ಸಾರ.

ಈ ಮಾತಿಗೆ ಪುರಾವೆ ಇಲ್ಲದಿಲ್ಲ. 1978ರ ಆರ್ಥಿಕ ಸುಧಾರಣೆಯ ನಂತರದ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಚೀನೀಯರು ಕಡುಬಡತನದಿಂದ ಹೊರಬಂದರು ಎಂದು ವಿಶ್ವಬ್ಯಾಂಕ್ ಹೇಳುತ್ತದೆ. ಆ ಅವಧಿಯಲ್ಲಿ ಇಡೀ ಜಗತ್ತಿನಲ್ಲಿ ಕಡಿಮೆಯಾದ ಕಡುಬಡತನದ ಮುಕ್ಕಾಲು ಪಾಲು ಚೀನಾ ಒಂದರಲ್ಲೇ ಆದದ್ದು. 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಚೀನಾ, 2010ರಲ್ಲಿ ಜಪಾನನ್ನು ಹಿಂದಿಕ್ಕಿ ಜಗತ್ತಿನ ಎರಡನೇ ದೊಡ್ಡ ಆರ್ಥಿಕತೆಯಾಯಿತು. ಹಸಿದ ಹೊಟ್ಟೆಗೆ ವಾಕ್ ಸ್ವಾತಂತ್ರ್ಯ ಏನು ಮಾಡೀತು ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ. ‘ನಮಗೂ ಚೀನಾದಂಥ ಆಡಳಿತ ಬೇಕು’ ಎಂಬ ಮಾತನ್ನು ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ಕೇಳದವರು ಯಾರಿದ್ದೀರಿ?

ಆದರೆ ಈ ವಾದದಲ್ಲಿ ಒಂದು ದೊಡ್ಡ ತೂತಿದೆ. 1959ರಿಂದ 1961ರವರೆಗೆ ಚೀನಾದಲ್ಲಿ ಭೀಕರ ಕ್ಷಾಮ ಬಂತು. ಕಡಿಮೆ ಅಂದಾಜಿನಲ್ಲೂ ಒಂದೂವರೆ ಕೋಟಿ ಜನ ಸತ್ತರು. ಅದರ ಎರಡು ಪಟ್ಟಿಗೂ ಹೆಚ್ಚು ಎನ್ನುವ ಇತಿಹಾಸಕಾರರಿದ್ದಾರೆ. ಮಾವೊ ಅವರ ‘ಮಹಾ ಜಿಗಿತ’ದ ಗುರಿ ಮುಟ್ಟಿದ್ದೇವೆಂದು ತೋರಿಸಲು ಅಧಿಕಾರಿಗಳು ಸುಳ್ಳು ಇಳುವರಿಯ ಲೆಕ್ಕ ಕೊಟ್ಟರು. ಆ ಸುಳ್ಳು ಲೆಕ್ಕದ ಮೇಲೆ ಸರ್ಕಾರ ಹಳ್ಳಿಗಳಿಂದ ಧಾನ್ಯ ಎತ್ತಿತು. ಜನ ಸಾಯುತ್ತಿದ್ದಾರೆ ಎಂದು ಬರೆಯುವ ಪತ್ರಿಕೆ ಇರಲಿಲ್ಲ, ಕೂಗುವ ವಿರೋಧ ಪಕ್ಷ ಇರಲಿಲ್ಲ. ಸ್ವತಂತ್ರ ಪತ್ರಿಕೆ ಮತ್ತು ಚುನಾವಣೆ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸಿಲ್ಲ ಎಂದು ಅಮರ್ತ್ಯ ಸೇನ್ ಹೇಳಿದ್ದು ಇದೇ ಉದಾಹರಣೆಯನ್ನು ಮುಂದಿಟ್ಟುಕೊಂಡು. ಅದೇ ಸೇನ್, ದಿನನಿತ್ಯದ ಅಪೌಷ್ಟಿಕತೆ ಮತ್ತು ಅನಾರೋಗ್ಯದಿಂದ ಸದ್ದಿಲ್ಲದೆ ಸಾಯುವವರ ವಿಷಯದಲ್ಲಿ ಭಾರತ ಚೀನಾಕ್ಕಿಂತ ಹಿಂದಿತ್ತು ಎಂದೂ ನಮಗೆ ನೆನಪಿಸಿದರು. ಎರಡೂ ಸತ್ಯ. ಅನ್ನಕ್ಕೂ ಮಾತಿಗೂ ನಡುವೆ ಒಂದನ್ನು ಆರಿಸಿಕೊಳ್ಳಬೇಕು ಎಂಬುದೇ ತಪ್ಪು ಲೆಕ್ಕ. ಮಾತು ಇಲ್ಲದಿದ್ದರೆ ಅನ್ನ ಹೋದದ್ದೂ ಗೊತ್ತಾಗುವುದಿಲ್ಲ.

ಹಕ್ಕುಗಳು ಪಶ್ಚಿಮದ ಸರಕೇ?

ಮಾನವ ಹಕ್ಕುಗಳು ಪಾಶ್ಚಾತ್ಯರ ಕಲ್ಪನೆ, ಅವನ್ನು ಏಷ್ಯಾದ ಮೇಲೆ ಹೇರಬೇಡಿ ಎಂಬುದು ಚೀನಾದ ಎರಡನೇ ವಾದ. ಇತಿಹಾಸ ಇದನ್ನು ಒಪ್ಪುವುದಿಲ್ಲ. 1948ರ ಡಿಸೆಂಬರ್ 10ರಂದು ಅಂಗೀಕಾರವಾದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ರೂಪಿಸಿದ ಪ್ರಮುಖರಲ್ಲಿ ಒಬ್ಬರು ಚೀನಾದ ಪ್ರತಿನಿಧಿ ಪಿ.ಸಿ. ಚಾಂಗ್. ಆಗಿನ್ನೂ ಚೀನಾದಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಿರಲಿಲ್ಲ. ಕನ್‌ಫ್ಯೂಷಿಯಸ್‌ನ ಚಿಂತನೆಯಲ್ಲಿರುವ ಸಹಮಾನವ ಪ್ರೀತಿಯ ಕಲ್ಪನೆಯನ್ನು ಚಾಂಗ್ ಮುಂದಿಟ್ಟರು. ಘೋಷಣೆಯ ಮೊದಲ ವಿಧಿಗೆ ‘ಆತ್ಮಸಾಕ್ಷಿ’ ಎಂಬ ಪದ ಸೇರಿದ್ದು ಅದರ ಫಲ. ಅದೇ ವಿಧಿಯಲ್ಲಿ ‘ಎಲ್ಲ ಪುರುಷರೂ’ ಎಂಬರ್ಥ ಬರುವಂತಿದ್ದ ಪದವನ್ನು ಬದಲಿಸಿ ‘ಎಲ್ಲ ಮಾನವರೂ’ ಎಂದು ಮಾಡಿಸಿದವರು ಭಾರತದ ಹಂಸಾ ಮೆಹ್ತಾ. ಅಂದರೆ ಆ ಘೋಷಣೆಯ ಮೊದಲ ಸಾಲಿನಲ್ಲೇ ಒಬ್ಬ ಚೀನೀಯ ಮತ್ತು ಒಬ್ಬ ಭಾರತೀಯ ಮಹಿಳೆಯ ಕೈಬರಹವಿದೆ.

ಚೀನಾದ ಸಂವಿಧಾನದ 35ನೇ ವಿಧಿಯೂ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯವನ್ನು ಕೊಡುತ್ತದೆ. 2004ರ ತಿದ್ದುಪಡಿ ‘ಪ್ರಭುತ್ವವು ಮಾನವ ಹಕ್ಕುಗಳನ್ನು ಗೌರವಿಸಿ ರಕ್ಷಿಸುತ್ತದೆ’ ಎಂದೂ ಸೇರಿಸಿತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಚೀನಾ 1998ರಲ್ಲಿ ಸಹಿ ಹಾಕಿತು. ಇವತ್ತಿಗೂ ಅದನ್ನು ಸ್ಥಿರೀಕರಿಸಿಲ್ಲ. ‘ನಿಮ್ಮ ಸಂವಿಧಾನದಲ್ಲಿ ಬರೆದಿರುವುದನ್ನೇ ಕೊಡಿ’ ಎಂದು ಕೇಳಿದವರಲ್ಲಿ ಸಾಹಿತ್ಯ ವಿಮರ್ಶಕ ಲಿಯು ಷಿಯಾಬೊ ಒಬ್ಬರು. ‘ಚಾರ್ಟರ್ 08’ ಎಂಬ ಮನವಿಪತ್ರ ಸಿದ್ಧಪಡಿಸುವಲ್ಲಿ ಪಾಲ್ಗೊಂಡದ್ದಕ್ಕೆ 2009ರಲ್ಲಿ ಅವರಿಗೆ 11 ವರ್ಷ ಜೈಲಾಯಿತು. 2010ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಓಸ್ಲೊದ ವೇದಿಕೆಯಲ್ಲಿ ಅವರ ಕುರ್ಚಿ ಖಾಲಿ ಇತ್ತು. 2017ರ ಜುಲೈನಲ್ಲಿ ಬಂಧನದಲ್ಲಿರುವಾಗಲೇ ಕ್ಯಾನ್ಸರ್‌ನಿಂದ ತೀರಿಕೊಂಡರು.

ಷಿನ್‌ಜಿಯಾಂಗ್‌ನಲ್ಲಿ ಆದದ್ದೇನು?

ಚೀನಾದ ವಾಯವ್ಯ ಮೂಲೆಯಲ್ಲಿರುವ ಷಿನ್‌ಜಿಯಾಂಗ್ ಅದರ ಅತಿ ದೊಡ್ಡ ಪ್ರಾಂತ್ಯ. ಅಲ್ಲಿ ಒಂದು ಕೋಟಿಗೂ ಹೆಚ್ಚು ಉಯಿಗರ್ ಮುಸ್ಲಿಮರಿದ್ದಾರೆ. 2009ರಲ್ಲಿ ಉರುಮ್ಚಿಯಲ್ಲಿ ನಡೆದ ಜನಾಂಗೀಯ ಗಲಭೆಯಲ್ಲಿ ಸರ್ಕಾರಿ ಲೆಕ್ಕದಂತೆಯೇ 200ರ ಹತ್ತಿರ ಜನ ಸತ್ತರು. 2014ರಲ್ಲಿ ಕುನ್ಮಿಂಗ್ ರೈಲು ನಿಲ್ದಾಣದಲ್ಲಿ, ಉರುಮ್ಚಿಯ ಮಾರುಕಟ್ಟೆಯಲ್ಲಿ ಅಮಾಯಕರ ಮೇಲೆ ಭಯೋತ್ಪಾದಕ ದಾಳಿಗಳಾದವು. ಚೀನಾ ಸರ್ಕಾರದ ಆತಂಕಕ್ಕೆ ಕಾರಣವಿತ್ತು. ಇದನ್ನು ಮರೆಮಾಚಿ ಬರೆಯುವುದು ಸರಿಯಲ್ಲ.

ಆದರೆ ಕೆಲವರ ಅಪರಾಧಕ್ಕೆ ಇಡೀ ಸಮುದಾಯವೇ ಶಂಕಿತವಾಯಿತು. 2017ರಿಂದ ದೊಡ್ಡ ಪ್ರಮಾಣದಲ್ಲಿ ಬಂಧನ ಶಿಬಿರಗಳು ತೆರೆದವು. ಗಡ್ಡ ಬಿಟ್ಟದ್ದು, ಮುಸುಕು ಧರಿಸಿದ್ದು, ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದು ಕೂಡ ಅನುಮಾನಕ್ಕೆ ಕಾರಣವಾದವು. ಮನೆಮನೆಯ ಮೇಲೆ ಕ್ಯಾಮೆರಾ, ಫೋನಿನ ತಪಾಸಣೆ, ದತ್ತಾಂಶದ ಕಣ್ಗಾವಲು. ಹತ್ತು ಲಕ್ಷದಷ್ಟು ಜನ ಬಂಧನದಲ್ಲಿದ್ದಾರೆಂಬ ಅಂದಾಜು 2018ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿಯ ಮುಂದೆ ಬಂದಾಗ ಚೀನಾ ಸಾರಾಸಗಟಾಗಿ ನಿರಾಕರಿಸಿತು. ಎರಡೇ ತಿಂಗಳಲ್ಲಿ, ಅವು ‘ವೃತ್ತಿ ತರಬೇತಿ ಕೇಂದ್ರಗಳು’ ಎಂದು ಕಾನೂನಿನ ಮಾನ್ಯತೆ ಕೊಟ್ಟಿತು. 2019ರ ಕೊನೆಗೆ ‘ಎಲ್ಲರೂ ತರಬೇತಿ ಮುಗಿಸಿದ್ದಾರೆ’ ಎಂದಿತು.

ಉಯಿಗರ್ ಮತ್ತು ಹಾನ್ ಚೀನೀಯರ ನಡುವೆ ಸಂವಾದ ನಡೆಯಲಿ ಎಂದು ಬರೆಯುತ್ತಿದ್ದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಇಲ್ಹಾಮ್ ತೋಹ್ತಿ ಅವರಿಗೆ 2014ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮಾತುಕತೆ ಬಯಸುವವರನ್ನೇ ಜೈಲಿಗೆ ಹಾಕಿದರೆ ಉಳಿಯುವವರು ಯಾರು?

2022ರ ಆಗಸ್ಟ್ 31ರಂದು, ತಮ್ಮ ಅಧಿಕಾರಾವಧಿ ಮುಗಿಯಲು ಕೆಲವೇ ನಿಮಿಷಗಳಿರುವಾಗ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥೆ ಮಿಶೆಲ್ ಬಾಚೆಲೆಟ್ ವರದಿ ಬಿಡುಗಡೆ ಮಾಡಿದರು. ಅಲ್ಲಿನ ಸ್ವೇಚ್ಛಾಚಾರದ ಬಂಧನಗಳು ಮಾನವತೆಯ ವಿರುದ್ಧದ ಅಪರಾಧ ಎನಿಸಿಕೊಳ್ಳಬಹುದು ಎಂದು ಅದು ಹೇಳಿತು. ಜಿನೀವಾದಲ್ಲಿ ಚರ್ಚೆಗೂ ಬಾರದೆ ಹೋದದ್ದು ಇದೇ ವರದಿ.

ದುಡ್ಡೇ ದೊಡ್ಡಪ್ಪ

ಚೀನಾದ ವಿದೇಶಾಂಗ ನೀತಿ ಸದಾ ಜಪಿಸುವ ಮಂತ್ರ ‘ಇತರರ ಆಂತರಿಕ ವಿಚಾರದಲ್ಲಿ ಹಸ್ತಕ್ಷೇಪ ಮಾಡುವುದಿಲ್ಲ’ ಎಂಬುದು. ಸಾಲ ಕೊಡುವಾಗ, ರಸ್ತೆ, ಬಂದರು ಕಟ್ಟಿಕೊಡುವಾಗ ಚೀನಾ ಪ್ರಜಾಪ್ರಭುತ್ವದ ಪಾಠ ಮಾಡುವುದಿಲ್ಲ. 2013ರಲ್ಲಿ ಷಿ ಜಿನ್‌ಪಿಂಗ್ ಆರಂಭಿಸಿದ ‘ಬೆಲ್ಟ್ ಆ್ಯಂಡ್ ರೋಡ್’ ಯೋಜನೆ ಏಷ್ಯಾ, ಆಫ್ರಿಕಾದ ಅನೇಕ ಆಡಳಿತಗಾರರಿಗೆ ಇಷ್ಟವಾಗಲು ಇದೂ ಒಂದು ಕಾರಣ. ಆದರೆ ಇದಕ್ಕೆ ಪ್ರತಿಯಾಗಿ ಒಂದು ನಿರೀಕ್ಷೆ ಇದೆ: ನಮ್ಮ ವಿಚಾರದಲ್ಲಿ ನೀವೂ ಬಾಯಿ ತೆರೆಯಬೇಡಿ.

ಬಾಯಿ ತೆರೆದವರಿಗೆ ಏನಾಯಿತು? ಲಿಯು ಷಿಯಾಬೊಗೆ ನೊಬೆಲ್ ಕೊಟ್ಟದ್ದು ಸ್ವತಂತ್ರ ಸಮಿತಿ, ನಾರ್ವೆ ಸರ್ಕಾರವಲ್ಲ. ಆದರೂ ಚೀನಾ ಆರು ವರ್ಷ ನಾರ್ವೆಯೊಂದಿಗೆ ರಾಜತಾಂತ್ರಿಕ ಸಂಬಂಧವನ್ನು ಸ್ಥಗಿತಗೊಳಿಸಿತು. ಅದರ ಸಾಲ್ಮನ್ ಮೀನಿಗೆ ಚೀನಾದ ಮಾರುಕಟ್ಟೆಯಲ್ಲಿ ಅಡ್ಡಿಗಳು ಎದ್ದವು. 2016ರ ಡಿಸೆಂಬರ್‌ನಲ್ಲಿ ಸಂಬಂಧ ಸರಿಹೋದದ್ದು, ಚೀನಾದ ‘ಮೂಲಭೂತ ಹಿತಾಸಕ್ತಿ’ಗಳಿಗೆ ಧಕ್ಕೆ ತರುವ ಯಾವುದನ್ನೂ ಬೆಂಬಲಿಸುವುದಿಲ್ಲ ಎಂದು ನಾರ್ವೆ ಲಿಖಿತವಾಗಿ ಒಪ್ಪಿದ ಮೇಲೆ. 2018ರಲ್ಲಿ ಹುವಾವೆ ಕಂಪನಿಯ ಮೆಂಗ್ ವಾನ್‌ಝೌ ಅವರನ್ನು ಅಮೆರಿಕದ ಕೋರಿಕೆ ಮೇರೆಗೆ ಕೆನಡಾ ಬಂಧಿಸಿದ ಹತ್ತೇ ದಿನದಲ್ಲಿ ಇಬ್ಬರು ಕೆನಡಿಯನ್ನರು ಚೀನಾದ ಜೈಲು ಸೇರಿದರು. 2021ರ ಸೆಪ್ಟೆಂಬರ್‌ನಲ್ಲಿ ಆಕೆ ಬಿಡುಗಡೆಯಾದ ದಿನವೇ ಅವರೂ ಬಿಡುಗಡೆಯಾದರು. ತೈವಾನ್ ಹೆಸರಿನಲ್ಲಿ ಕಚೇರಿ ತೆರೆಯಲು ಬಿಟ್ಟ ಪುಟ್ಟ ಲಿಥುವೇನಿಯಾದ ಸರಕು 2021ರಲ್ಲಿ ಚೀನಾದ ಬಂದರುಗಳಲ್ಲಿ ಸಿಕ್ಕಿಕೊಂಡಿತು.

ಕೋವಿಡ್ ಮೂಲದ ಬಗ್ಗೆ ಸ್ವತಂತ್ರ ತನಿಖೆ ಆಗಲಿ ಎಂದ ಆಸ್ಟ್ರೇಲಿಯಾದ ಬಾರ್ಲಿಯ ಮೇಲೆ 2020ರಲ್ಲಿ ಶೇ 80ರಷ್ಟು ಸುಂಕ ಬಿತ್ತು. ವೈನ್ ಮೇಲೆ ಶೇ 200ಕ್ಕೂ ಮೇಲೆ ಹೋಯಿತು. ಆದರೆ ಆಸ್ಟ್ರೇಲಿಯಾದ ಕಬ್ಬಿಣದ ಅದಿರನ್ನು ಚೀನಾ ಮುಟ್ಟಲಿಲ್ಲ. ಅದು ತನಗೇ ಬೇಕಿತ್ತು! ಆಸ್ಟ್ರೇಲಿಯಾ ಬೇರೆ ಮಾರುಕಟ್ಟೆ ಹುಡುಕಿಕೊಂಡಿತು, ತನ್ನ ನಿಲುವು ಬಿಡಲಿಲ್ಲ. 2023–24ರಲ್ಲಿ ಚೀನಾವೇ ಆ ಸುಂಕಗಳನ್ನು ಹಿಂತೆಗೆದುಕೊಂಡಿತು. ಚೀನಾದ ಸಿಟ್ಟಿಗೂ ಒಂದು ಲಾಭ-ನಷ್ಟದ ಲೆಕ್ಕವಿದೆ ಎಂಬುದು ಇಲ್ಲಿ ಸ್ಪಷ್ಟ.

ಮುಸ್ಲಿಂ ರಾಷ್ಟ್ರಗಳ ಮೌನಕ್ಕೂ ಇದೇ ಉತ್ತರ. ಇಸ್ಲಾಮಿಕ್ ಸಹಕಾರ ಸಂಘಟನೆ 2019ರ ಮಾರ್ಚ್‌ನಲ್ಲಿ ಚೀನಾ ತನ್ನ ಮುಸ್ಲಿಂ ಪ್ರಜೆಗಳನ್ನು ನೋಡಿಕೊಳ್ಳುತ್ತಿರುವ ರೀತಿಯನ್ನು ಹೊಗಳಿ ನಿರ್ಣಯ ಮಾಡಿತು. ಕಾಶ್ಮೀರದ ಬಗ್ಗೆ ಜಗತ್ತಿನ ಎಲ್ಲ ವೇದಿಕೆಗಳಲ್ಲಿ ಮಾತನಾಡುವ ಪಾಕಿಸ್ತಾನದ ಅಂದಿನ ಪ್ರಧಾನಿ ಇಮ್ರಾನ್ ಖಾನ್, ಉಯಿಗರ್ ವಿಷಯ ಕೇಳಿದಾಗ ತನಗೆ ಹೆಚ್ಚು ಗೊತ್ತಿಲ್ಲ ಎಂದರು. ಚೀನಾ–ಪಾಕಿಸ್ತಾನ ಆರ್ಥಿಕ ಕಾರಿಡಾರ್‌ನ ಬೆಲೆ ಅದು. ಥಾಯ್ಲೆಂಡ್ ತನ್ನಲ್ಲಿ ಆಶ್ರಯ ಬೇಡಿದ್ದ ನೂರಕ್ಕೂ ಹೆಚ್ಚು ಉಯಿಗರ್‌ಗಳನ್ನು 2015ರಲ್ಲಿ, ಇನ್ನೂ 40 ಮಂದಿಯನ್ನು 2025ರ ಫೆಬ್ರುವರಿಯಲ್ಲಿ ಚೀನಾದ ಕೈಗೊಪ್ಪಿಸಿತು. ದುಡ್ಡೇ ದೊಡ್ಡಪ್ಪ ಎಂಬ ಗಾದೆ ಅಂತರರಾಷ್ಟ್ರೀಯ ರಾಜಕಾರಣಕ್ಕೂ ಸಲ್ಲುತ್ತದೆ. ಇದರ ನಡುವೆ, ಜಿನೀವಾದಲ್ಲಿ ಚರ್ಚೆ ಬೇಕು ಎಂದು ಮತ ಹಾಕಿದ ಒಂದು ಬಡ ಮುಸ್ಲಿಂ ರಾಷ್ಟ್ರವೂ ಇತ್ತು: ಸೊಮಾಲಿಯಾ.

ಒತ್ತಡಕ್ಕೆ ಬಗ್ಗದ ದೇಶವೇನಲ್ಲ

ಚೀನಾ ಎಂದೂ ಬದಲಾಗುವುದಿಲ್ಲ, ಹೇಳಿ ಪ್ರಯೋಜನವಿಲ್ಲ ಎನ್ನುವವರಿಗೆ ಸುಡಾನ್‌ನ ಉದಾಹರಣೆ ಕೊಡಬೇಕು. ಡಾರ್ಫರ್‌ನಲ್ಲಿ ಹತ್ಯಾಕಾಂಡ ನಡೆಯುತ್ತಿದ್ದಾಗ ಸುಡಾನ್‌ನ ತೈಲದ ದೊಡ್ಡ ಗ್ರಾಹಕನಾಗಿದ್ದ ಚೀನಾ ಆ ಸರ್ಕಾರಕ್ಕೆ ವಿಶ್ವಸಂಸ್ಥೆಯಲ್ಲಿ ರಕ್ಷಣೆ ಕೊಟ್ಟಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್ ಹತ್ತಿರ ಬಂದಾಗ ಅದನ್ನು ‘ನರಮೇಧದ ಒಲಿಂಪಿಕ್ಸ್’ ಎಂದು ಕರೆಯುವ ಆಂದೋಲನ ಹುಟ್ಟಿಕೊಂಡಿತು. 2007ರಲ್ಲಿ ಚೀನಾ ವಿಶೇಷ ರಾಯಭಾರಿಯನ್ನು ನೇಮಿಸಿತು; ಅಂತರರಾಷ್ಟ್ರೀಯ ಶಾಂತಿಪಾಲನಾ ಪಡೆಯನ್ನು ಒಪ್ಪಿಕೊಳ್ಳುವಂತೆ ಸುಡಾನ್ ಮೇಲೆ ಒತ್ತಡ ತಂದಿತು. ಮರ್ಯಾದೆಯ ಪ್ರಶ್ನೆ ಬಂದಾಗ ‘ಹಸ್ತಕ್ಷೇಪ ಮಾಡುವುದಿಲ್ಲ’ ಎಂಬ ತತ್ವ ಸಡಿಲವಾಯಿತು.

2011ರ ಫೆಬ್ರುವರಿಯಲ್ಲಿ ಲಿಬಿಯಾವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸುವ ನಿರ್ಣಯಕ್ಕೂ ಚೀನಾ ಪರವಾಗಿ ಮತ ಹಾಕಿತ್ತು. ಮರುತಿಂಗಳು ಜನರ ರಕ್ಷಣೆಗೆ ಬಲಪ್ರಯೋಗಕ್ಕೆ ಅನುಮತಿ ನೀಡುವ ನಿರ್ಣಯ ಬಂದಾಗ ತಡೆಯದೆ ದೂರ ಉಳಿಯಿತು. ಆದರೆ ಆ ಅನುಮತಿಯನ್ನು ಹಿಡಿದುಕೊಂಡು ನ್ಯಾಟೊ ಪಡೆಗಳು ಗಡಾಫಿಯ ಸರ್ಕಾರವನ್ನೇ ಉರುಳಿಸಲು ನೆರವಾದ ಮೇಲೆ ಚೀನಾ ಬಾಗಿಲು ಹಾಕಿಕೊಂಡಿತು. 2011ರಿಂದ 2014ರ ನಡುವೆ ಸಿರಿಯಾ ಕುರಿತ ನಾಲ್ಕು ನಿರ್ಣಯಗಳಿಗೆ ರಷ್ಯಾದ ಜೊತೆ ಸೇರಿ ವಿಟೊ ಚಲಾಯಿಸಿತು. ಪಶ್ಚಿಮದವರ ಅತಿಯಾಸೆ ಚೀನಾದ ಹಟಕ್ಕೆ ನೆಪ ಒದಗಿಸಿತು. ಅದರ ಬೆಲೆ ತೆತ್ತವರು ಸಿರಿಯಾದ ಜನ.

ಪಶ್ಚಿಮದ ಎಲೆಯಲ್ಲಿರುವ ಹೆಗ್ಗಣ

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಗ್ವಾಂಟನಾಮೊದಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಜನರನ್ನು ಕೂಡಿಹಾಕಿದ, ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಕೈದಿಗಳನ್ನು ಹಿಂಸಿಸಿದ ಅಮೆರಿಕ, ಚೀನಾಕ್ಕೆ ಉಪದೇಶ ಮಾಡಲು ಹೊರಟರೆ ಕೇಳುವವರಿಗೆ ನಗು ಬರುತ್ತದೆ. ವ್ಯಾಪಾರದ ವಿಷಯದಲ್ಲೂ ಅಷ್ಟೇ. 1993ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್, ಮಾನವ ಹಕ್ಕುಗಳ ಪರಿಸ್ಥಿತಿ ಸುಧಾರಿಸಿದರೆ ಮಾತ್ರ ಚೀನಾಕ್ಕೆ ವ್ಯಾಪಾರ ಸವಲತ್ತು ಎಂದು ಆದೇಶ ಮಾಡಿದರು. ಒಂದೇ ವರ್ಷದಲ್ಲಿ, 1994ರ ಮೇ ತಿಂಗಳಲ್ಲಿ, ಕಂಪನಿಗಳ ಒತ್ತಡಕ್ಕೆ ಮಣಿದು ಆ ಷರತ್ತನ್ನು ಅವರೇ ಕೈಬಿಟ್ಟರು. ಚೀನಾ ಶ್ರೀಮಂತವಾದರೆ ತಾನಾಗಿಯೇ ಮುಕ್ತವಾಗುತ್ತದೆ ಎಂಬ ಸಮಾಧಾನ ಆಗ ಹುಟ್ಟಿತು. ಚೀನಾ ಶ್ರೀಮಂತವಾಯಿತು. 2020ರ ಜೂನ್ 30ರಂದು ಹಾಂಗ್‌ಕಾಂಗ್ ಮೇಲೆ ರಾಷ್ಟ್ರೀಯ ಭದ್ರತಾ ಕಾನೂನು ಬಂತು. ಮರುವರ್ಷ ಅಲ್ಲಿನ ಜನಪ್ರಿಯ ‘ಆಪಲ್ ಡೈಲಿ’ ಪತ್ರಿಕೆ ಮುಚ್ಚಿತು. 2047ರವರೆಗೆ ಹಾಂಗ್‌ಕಾಂಗ್‌ನ ಸ್ವಾತಂತ್ರ್ಯಗಳನ್ನು ಕಾಪಾಡುತ್ತೇವೆಂದು 1984ರಲ್ಲಿ ಬ್ರಿಟನ್‌ಗೆ ಕೊಟ್ಟ ಮಾತು ಅರ್ಧ ದಾರಿಯಲ್ಲೇ ಮುರಿಯಿತು.

ಆದರೆ ಹೇಳುವವರ ಕೈ ಕೊಳಕಾಗಿದೆ ಎಂಬ ಮಾತ್ರಕ್ಕೆ ಹೇಳಿದ ಸಂಗತಿ ಸುಳ್ಳಾಗುವುದಿಲ್ಲ. ಗ್ವಾಂಟನಾಮೊದ ಕೈದಿಗೂ ಷಿನ್‌ಜಿಯಾಂಗ್‌ನ ಕೈದಿಗೂ ಬೇಕಾದ ನ್ಯಾಯ ಒಂದೇ. ‘ಅವರು ಮಾಡಿಲ್ಲವೇ?’ ಎಂಬ ಪ್ರಶ್ನೆಯಿಂದ ಇಬ್ಬರಿಗೂ ಬಿಡುಗಡೆ ಸಿಗುವುದಿಲ್ಲ.

ಆಂತರಿಕವಾದದ್ದು ಗಡಿ ದಾಟಿದಾಗ

ಒಂದು ದೇಶದ ಒಳಗಿನ ಮೌನ ಅಲ್ಲೇ ಉಳಿಯುತ್ತದೆಯೇ? ವುಹಾನ್‌ನ ಯುವ ನೇತ್ರತಜ್ಞ ಡಾ. ಲಿ ವೆನ್ಲಿಯಾಂಗ್ 2019ರ ಡಿಸೆಂಬರ್ ಕೊನೆಯಲ್ಲಿ ಸಹೋದ್ಯೋಗಿಗಳಿಗೆ ಸಾರ್ಸ್‌ನಂಥ ಕಾಯಿಲೆಯ ಬಗ್ಗೆ ಸಂದೇಶ ಕಳಿಸಿದ್ದರು. ಪೊಲೀಸರು ಕರೆಸಿ, ವದಂತಿ ಹಬ್ಬಿಸುವುದಿಲ್ಲ ಎಂದು ಬರೆಸಿಕೊಂಡರು. 2020ರ ಫೆಬ್ರುವರಿ 7ರಂದು ಅದೇ ಕಾಯಿಲೆಗೆ 33ರ ವಯಸ್ಸಿನಲ್ಲಿ ಅವರು ಬಲಿಯಾದರು. ಒಬ್ಬ ವೈದ್ಯನ ಬಾಯಿ ಮುಚ್ಚಿಸಿದ್ದು ಚೀನಾದ ‘ಆಂತರಿಕ ವಿಚಾರ’ವೇ ಆಗಿತ್ತು. ಆಮೇಲೆ ಏನಾಯಿತೆಂದು ನಮ್ಮ ಊರೂರುಗಳಿಗೂ ಗೊತ್ತಿದೆ.

ಟಿಬೆಟಿನ ನದಿಗಳದ್ದೂ ಇದೇ ಕಥೆ. ನಾವು ಬ್ರಹ್ಮಪುತ್ರ ಎನ್ನುವ ಯಾರ್ಲುಂಗ್ ತ್ಸಾಂಗ್‌ಪೊ ಭಾರತಕ್ಕೆ ತಿರುಗುವ ಜಾಗದಲ್ಲಿ 2025ರ ಜುಲೈನಲ್ಲಿ ಚೀನಾ ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಯೋಜನೆಯ ಕಾಮಗಾರಿ ಆರಂಭಿಸಿತು. 2024ರ ಆರಂಭದಲ್ಲಿ ಪೂರ್ವ ಟಿಬೆಟಿನ ಡೆರ್ಗೆಯಲ್ಲಿ ಇನ್ನೊಂದು ಅಣೆಕಟ್ಟೆಯನ್ನು ವಿರೋಧಿಸಿದ ನೂರಾರು ಸನ್ಯಾಸಿಗಳು ಮತ್ತು ಹಳ್ಳಿಗರನ್ನು ಬಂಧಿಸಲಾಯಿತೆಂದು ವರದಿಯಾಗಿತ್ತು. ನದಿಯ ಮೇಲ್ದಂಡೆಯ ಜನ ಪ್ರಶ್ನೆ ಕೇಳುವಂತಿಲ್ಲ ಎಂದರೆ, ಕೆಳದಂಡೆಯ ಅರುಣಾಚಲ, ಅಸ್ಸಾಂ, ಬಾಂಗ್ಲಾದೇಶದವರಿಗೆ ಮಾಹಿತಿ ಬರುವುದಾದರೂ ಎಲ್ಲಿಂದ? ಅಲ್ಲಿನವರ ವಾಕ್ ಸ್ವಾತಂತ್ರ್ಯ ಇಲ್ಲಿನವರ ಸುರಕ್ಷತೆಯೂ ಹೌದು.

ಭಾರತ ಏನು ಮಾಡಬೇಕು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರು ‘ಪಂಚಶೀಲ: 1954, ಏಪ್ರಿಲ್ 29’ ಎಂದು ಬಾಯಿಪಾಠ ಮಾಡಿರುತ್ತೇವೆ. ಆ ಐದು ತತ್ವಗಳಲ್ಲಿ ಒಂದು, ಪರಸ್ಪರರ ಆಂತರಿಕ ವಿಚಾರದಲ್ಲಿ ಹಸ್ತಕ್ಷೇಪ ಮಾಡಬಾರದು ಎಂಬುದು. ಆದರೆ ಆ ತತ್ವಗಳು ಯಾವ ಒಪ್ಪಂದದ ಪೀಠಿಕೆಯಲ್ಲಿದ್ದವು ಎಂದು ಎಷ್ಟು ಜನ ಗಮನಿಸಿದ್ದೇವೆ? ಅದು ಟಿಬೆಟ್ ಪ್ರದೇಶದೊಂದಿಗಿನ ವ್ಯಾಪಾರ ಮತ್ತು ಸಂಪರ್ಕದ ಒಪ್ಪಂದ. ಟಿಬೆಟನ್ನು ‘ಚೀನಾದ ಟಿಬೆಟ್ ಪ್ರದೇಶ’ ಎಂದು ಭಾರತ ಬರೆದುಕೊಟ್ಟದ್ದು ಅದರಲ್ಲೇ. ಎಂಟು ವರ್ಷಗಳ ನಂತರ ಯುದ್ಧ ನಡೆಯಿತು.

ಟಿಬೆಟ್ ಕುರಿತ ವಿಶ್ವಸಂಸ್ಥೆಯ ನಿರ್ಣಯಗಳಲ್ಲಿ ಭಾರತ 1959 ಮತ್ತು 1961ರಲ್ಲಿ ದೂರ ಉಳಿಯಿತು. ಯುದ್ಧದ ನಂತರ, 1965ರಲ್ಲಿ, ಪರವಾಗಿ ಮತ ಹಾಕಿತು. 2003ರಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗ ಎಂದು ಇನ್ನಷ್ಟು ಸ್ಪಷ್ಟವಾಗಿ ಒಪ್ಪಿಕೊಂಡಿತು. 2022ರಲ್ಲಿ ದೂರ ಉಳಿದದ್ದಕ್ಕೆ ಭಾರತ ಕೊಟ್ಟ ಕಾರಣ, ಒಂದು ನಿರ್ದಿಷ್ಟ ದೇಶದ ವಿರುದ್ಧದ ನಿರ್ಣಯಗಳಿಗೆ ಮತ ಹಾಕದಿರುವುದು ನಮ್ಮ ಹಳೆಯ ನಿಲುವು ಎಂಬುದು. ಆದರೆ 2012 ಮತ್ತು 2013ರಲ್ಲಿ ಶ್ರೀಲಂಕಾ ಕುರಿತ ನಿರ್ಣಯಗಳ ಪರವಾಗಿ ಭಾರತ ಮತ ಹಾಕಿತ್ತು. ಚಿಕ್ಕ ನೆರೆಯವನಿಗೆ ಒಂದು ನಿಯಮ, ದೊಡ್ಡ ನೆರೆಯವನಿಗೆ ಇನ್ನೊಂದು ಎಂಬ ಅನುಮಾನ ಬರುವುದು ಸಹಜ. ಮತದಾನದ ಮರುದಿನ ನಮ್ಮ ವಿದೇಶಾಂಗ ಸಚಿವಾಲಯ, ಷಿನ್‌ಜಿಯಾಂಗ್ ಜನರ ಮಾನವ ಹಕ್ಕುಗಳನ್ನು ಗೌರವಿಸಿ ಖಾತರಿಪಡಿಸಬೇಕು ಎಂದಿತು. ಅಳೆದು ತೂಗಿದ ಮಾತಾದರೂ ಸ್ವಾಗತಾರ್ಹ.

ಭಾರತದ ಕಷ್ಟವನ್ನೂ ಅರ್ಥ ಮಾಡಿಕೊಳ್ಳಬೇಕು. 2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಗಡಿ ಇನ್ನೂ ಇತ್ಯರ್ಥವಾಗಿಲ್ಲ. 2024–25ರಲ್ಲಿ ಚೀನಾದೊಂದಿಗಿನ ನಮ್ಮ ವ್ಯಾಪಾರ ಕೊರತೆ ಸುಮಾರು 99 ಶತಕೋಟಿ ಡಾಲರ್. ಔಷಧದ ಕಚ್ಚಾವಸ್ತುವಿಗೂ ಅವರನ್ನೇ ನೆಚ್ಚಿಕೊಂಡಿದ್ದೇವೆ. 2025ರಲ್ಲಿ ಚೀನಾ ಅಪರೂಪದ ಖನಿಜಗಳಿಂದ ಮಾಡುವ ಅಯಸ್ಕಾಂತದ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಾಹನ ತಯಾರಕರು ಪರದಾಡಿದರು. ಅತ್ತ ದರಿ, ಇತ್ತ ಪುಲಿ. ನಾಳೆಯೇ ಎದ್ದು ಚೀನಾವನ್ನು ಖಂಡಿಸಿ ಎನ್ನುವುದು ಸುಲಭ. ಬೆಲೆ ತೆರುವವರು ಗಡಿಯ ಸೈನಿಕರು ಮತ್ತು ಕಾರ್ಖಾನೆಯ ಕಾರ್ಮಿಕರು.

ಹಾಗಾದರೆ ದಾರಿ ಯಾವುದು? ಮೊದಲನೆಯದು, ಆಸ್ಟ್ರೇಲಿಯಾ ಕಲಿಸಿದ ಪಾಠ. ಅವಲಂಬನೆ ಕಡಿಮೆಯಾದಷ್ಟೂ ನಾಲಿಗೆ ಸ್ವತಂತ್ರವಾಗುತ್ತದೆ. ಎರಡನೆಯದು, ಚರ್ಚೆಗೆ ಅವಕಾಶ ಕೊಡಿ ಎನ್ನುವುದು ಯಾರನ್ನೂ ಖಂಡಿಸಿದಂತಲ್ಲ. ಮುಂದಿನ ಬಾರಿ ಇಂಥ ಪ್ರಶ್ನೆ ಬಂದಾಗ, ಅದು ಚೀನಾ ಆಗಿರಲಿ, ಅಮೆರಿಕವಾಗಿರಲಿ, ಚರ್ಚೆ ನಡೆಯಲಿ ಎಂದು ಪ್ರಜಾಪ್ರಭುತ್ವ ದೇಶವೊಂದು ಧೈರ್ಯವಾಗಿ ಹೇಳಬಹುದು. ಮೂರನೆಯದು ನಮ್ಮ ಮನೆಯದು. ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಜೈಲು, ಪದೇ ಪದೇ ಇಂಟರ್ನೆಟ್ ಸ್ಥಗಿತ, ಪೊಲೀಸ್ ಠಾಣೆಯಲ್ಲಿ ಸಾವು ನಮ್ಮಲ್ಲಿ ಕಡಿಮೆಯಾದಷ್ಟೂ ಹೊರಗೆ ನಮ್ಮ ಮಾತಿಗೆ ತೂಕ ಬರುತ್ತದೆ. ಇಲ್ಲದಿದ್ದರೆ ಹೆಗ್ಗಣದ ಗಾದೆ ನಮಗೂ ಅನ್ವಯಿಸುತ್ತದೆ.

ನಾಲ್ಕನೆಯದು ನಮ್ಮ ತಲೆಮಾರಿನ ಕೆಲಸ: ಚೀನಾ ಸರ್ಕಾರವನ್ನೂ ಚೀನೀ ಜನರನ್ನೂ ಬೇರೆ ಬೇರೆಯಾಗಿ ನೋಡುವುದು. ಕೋವಿಡ್ ಕಾಲದಲ್ಲಿ ಈಶಾನ್ಯ ಭಾರತದ ನಮ್ಮದೇ ಗೆಳೆಯರನ್ನು ‘ಚೀನೀ’ ಎಂದು ಹೀಯಾಳಿಸಿದ ನಾಚಿಕೆಗೇಡಿನ ಘಟನೆಗಳು ನಡೆದವು. ಅದು ದೇಶಭಕ್ತಿಯಲ್ಲ. 2022ರ ನವೆಂಬರ್ 24ರಂದು ಉರುಮ್ಚಿಯ ವಸತಿ ಕಟ್ಟಡದಲ್ಲಿ ಬೆಂಕಿ ಬಿದ್ದು 10 ಜನ ಸತ್ತರು. ಕೋವಿಡ್ ನಿರ್ಬಂಧದಿಂದಲೇ ಅವರು ಹೊರಬರಲಾಗಲಿಲ್ಲ ಎಂಬ ಸಿಟ್ಟು ಹಬ್ಬಿತು. ಶಾಂಘೈ, ಬೀಜಿಂಗ್‌ಗಳ ಯುವಕ ಯುವತಿಯರು ಖಾಲಿ ಬಿಳಿ ಹಾಳೆ ಹಿಡಿದು ಬೀದಿಗೆ ಬಂದರು. ಬರೆದರೆ ಅಪರಾಧ, ಹಾಗಾಗಿ ಏನೂ ಬರೆಯದ ಹಾಳೆ. ಸತ್ತವರು ಉಯಿಗರ್‌ಗಳು, ಅವರಿಗಾಗಿ ಕೂಗಿದವರಲ್ಲಿ ಬಹುಪಾಲು ಹಾನ್ ಚೀನೀಯರು. ಎರಡು ವಾರದೊಳಗೆ ಸರ್ಕಾರ ನಿರ್ಬಂಧ ಸಡಿಲಿಸಿತು. ಹಲವರು ಬಂಧನಕ್ಕೂ ಒಳಗಾದರು. ಅವರು ನಮ್ಮ ವಯಸ್ಸಿನವರೇ.

ಪರೀಕ್ಷೆ ಮುಂದಿದೆ

ಇದೆಲ್ಲ ದೂರದ ಮಾತು ಎನಿಸಿದರೆ ಮೈಸೂರು ಜಿಲ್ಲೆಯ ಬೈಲಕುಪ್ಪೆಯ ಕಡೆ ನೋಡಬೇಕು. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕೊಟ್ಟು ಟಿಬೆಟನ್ ನಿರಾಶ್ರಿತರಿಗೆ ನೆಲೆ ಒದಗಿಸಿತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಬಳಿಯೂ ಶಿಬಿರಗಳಾದವು. ಟಿಬೆಟಿನಲ್ಲಿ ಪಂಚೆನ್ ಲಾಮಾರ ಪೀಠವಾಗಿದ್ದ ತಾಶಿ ಲುನ್ಪೊ ಮಠವನ್ನು ನಿರಾಶ್ರಿತರು ಬೈಲಕುಪ್ಪೆಯಲ್ಲೇ ಮತ್ತೆ ಕಟ್ಟಿದರು. ಆದರೆ ದಲೈ ಲಾಮಾ ಗುರುತಿಸಿದ ಪಂಚೆನ್ ಲಾಮಾ ಎಲ್ಲಿದ್ದಾರೆ? 1995ರ ಮೇ ತಿಂಗಳಲ್ಲಿ ಗೆಧುನ್ ಚೋಕಿ ನೀಮಾ ಎಂಬ ಆರು ವರ್ಷದ ಬಾಲಕನನ್ನು ಗುರುತಿಸಿದ ಮೂರೇ ದಿನದಲ್ಲಿ ಚೀನಾ ಅವನನ್ನು ಕುಟುಂಬದ ಸಮೇತ ಕರೆದೊಯ್ದಿತು. ಅಂದಿನಿಂದ ಹೊರಜಗತ್ತು ಅವರನ್ನು ಕಂಡಿಲ್ಲ.

2025ರ ಜುಲೈನಲ್ಲಿ 90 ತುಂಬಿದ ದಲೈ ಲಾಮಾ, ತಮ್ಮ ಉತ್ತರಾಧಿಕಾರಿಯನ್ನು ಗುರುತಿಸುವ ಅಧಿಕಾರ ತಮ್ಮ ಗಾದೆನ್ ಫೋದ್ರಾಂಗ್ ಟ್ರಸ್ಟ್‌ಗೆ ಮಾತ್ರ ಎಂದು ಘೋಷಿಸಿದರು. ತನ್ನ ಒಪ್ಪಿಗೆ ಇಲ್ಲದೆ ಆಗದು ಎಂಬುದು ಚೀನಾದ ಪಟ್ಟು. ದೇವರನ್ನೇ ನಂಬದ ಪಕ್ಷವೊಂದು ಪುನರ್ಜನ್ಮಕ್ಕೆ ಪರವಾನಗಿ ಕೊಡುತ್ತೇನೆ ಎನ್ನುವುದು ವಿಚಿತ್ರ. ಆದರೆ ಆ ದಿನ ಬಂದಾಗ ಬಹಳಷ್ಟು ರಾಜಧಾನಿಗಳಿಗೆ ಬೀಜಿಂಗ್‌ನಿಂದ ಒಂದೇ ಸಂದೇಶ ಹೋಗುತ್ತದೆ: ಇದು ನಮ್ಮ ಆಂತರಿಕ ವಿಚಾರ.

ಆ ಸಂದೇಶ ದೆಹಲಿಗೂ ಬರುತ್ತದೆ. ಆಗ ಭಾರತಕ್ಕೆ ದೂರ ಉಳಿಯುವ ಅನುಕೂಲ ಇರುವುದಿಲ್ಲ. ಏಕೆಂದರೆ ಆ ವಿಚಾರ ಆರು ದಶಕಗಳಿಂದ ಧರ್ಮಶಾಲೆಯಲ್ಲೂ ಬೈಲಕುಪ್ಪೆಯಲ್ಲೂ ಮನೆ ಮಾಡಿಕೊಂಡು ಬದುಕುತ್ತಿದೆ. ಅಂದು ಕೊಡಬೇಕಾದ ಉತ್ತರವನ್ನು ಇಂದೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಅದನ್ನು ಸರ್ಕಾರವೊಂದೇ ಯೋಚಿಸಿದರೆ ಸಾಲದು, ನಾವೂ ಯೋಚಿಸಬೇಕು.